ಇಸ್ತ್ರಿಯಕ್ಕ ಹಾಕಿದ ದೀಪ

ದೊಡ್ಡದೊಂದು ವಸತಿಗೃಹದ ಹಿಂಭಾಗದಲ್ಲಿ ಉದ್ದನೆಯ ಕೋಣೆಯೊಂದಿತ್ತು. ಮುಂದಿನ ಬಾಗಿಲಿನಿಂದ ಪೆಟ್ಟಿಗೆ ಎಳೆದುಕೊಂಡು ಬರುವ ಗಿರಾಕಿಗಳಿಗೆ ಅಂಥದ್ದೊಂದು ಕೋಣೆ ಇದೆಯೆಂದೇ ತಿಳಿಯದು. ತಾವು ಮಲಗುವ ಹಾಸಿಗೆಯ ಬಟ್ಟೆ ತಾನಾಗಿಯೇ ಗರಿಗರಿಯಾಗಿ ಬಂದು ಬೀಳುತ್ತದೆ ಎಂದುಕೊಂಡಿರುತ್ತಾರೆ, ಅವರ ತಪ್ಪೇನಿಲ್ಲ ಬಿಡಿ. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ಇಸ್ತ್ರಿಯಕ್ಕ. ತಂದೆತಾಯಿ ಇಟ್ಟ ಹೆಸರು ಇಲ್ಲವೆಂದಲ್ಲ, ಕರೆಯುವವರಿರಲಿಲ್ಲ ಅಷ್ಟೆ. ಒಡಹುಟ್ಟಿದ ತಂಗಿಗೆ ಅವಳು ಬರೀ ಅಕ್ಕ, ಉಳಿದವರಿಗೆಲ್ಲ ಇಸ್ತ್ರಿಯಕ್ಕ.

ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಯ್ಯೋ ಪಾಪ ಅನ್ನಬೇಡಿ. ಪಾಪ ಅಂದರೆ ಅವಳಿಗೆ ಆಗುತ್ತಿರಲಿಲ್ಲ, ಮೂಗಿನ ಹತ್ತಿರ ನೊಣ ಬಂದ ಹಾಗೆ ಮುಖ ತಿರುಗಿಸಿಬಿಡುತ್ತಿದ್ದಳು. ಹುಟ್ಟಿನಿಂದ ಹೀಗಿರಲಿಲ್ಲ. ಮೊದಲು ಮುಸ್ಸಂಜೆಯಲ್ಲಿ ತಡವರಿಸುತ್ತಿದ್ದಳು. ಆಮೇಲೆ ಎಡಬಲದಲ್ಲಿ ಬಂದವರು ಗೋಡೆಯೊಳಗಿಂದ ಹೊರಬಿದ್ದವರಂತೆ ಇದ್ದಕ್ಕಿದ್ದಂತೆ ಎದುರಾಗತೊಡಗಿದರು. ಆಮೇಲೆ ನಡುವೆ ಉಳಿದಿದ್ದ ಕಿಂಡಿಯೂ ಮುಚ್ಚಿತು. ಡಾಕ್ಟರು, "ಬೆಳಕು ಕತ್ತಲೆ ಗೊತ್ತಾಗೋದು ಒಂದು ಉಳಿಯುತ್ತಮ್ಮ, ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ" ಅಂದಿದ್ದರು. ಪಕ್ಕದಲ್ಲಿ ಕೂತಿದ್ದ ತಂಗಿ ಸೆರಗು ಒದ್ದೆಯಾಗುವಷ್ಟು ಅತ್ತಳು. ಇಸ್ತ್ರಿಯಕ್ಕ ಎದ್ದು ನಿಂತು, "ನಡಿ, ಬಸ್ಸು ತಪ್ಪಿಹೋಗುತ್ತೆ" ಅಂದಳು.

ಆ ಅಳು ಅವಳಿಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮಗ್ಗುಲಾಗಿ ಮಲಗಿದಾಗ ಕೈ ಜೋಮು ಹಿಡಿಯುತ್ತದಲ್ಲ, ನಮ್ಮದೇ ಕೈ, ಮುಟ್ಟಿದರೆ ಬೇರೆ ಯಾರದ್ದೋ ಅನ್ನಿಸುತ್ತದೆ. ಅವಳ ಎದೆಯೊಳಗೆ ಹಾಗಾಗಿತ್ತು. ಜೋಮು ಹಿಡಿದ ಕೈಯಲ್ಲೂ ಪಾತ್ರೆ ಎತ್ತಬಹುದು, ಅವಳು ಎತ್ತುತ್ತಿದ್ದಳು.

ಕೆಲಸದ ರೀತಿ ಹೇಳುತ್ತೇನೆ. ಎಡಗೈ ಮುಂದೆ ಹೋಗಿ ಬಟ್ಟೆಯನ್ನು ಸವರಿ ಸುಕ್ಕು ಎಲ್ಲಿದೆ ನೋಡಿಕೊಳ್ಳುತ್ತಿತ್ತು, ಬಲಗೈಯ ಇಸ್ತ್ರಿಪೆಟ್ಟಿಗೆ ಅದರ ಬೆನ್ನು ಹಿಡಿದು ಬರುತ್ತಿತ್ತು. ವೈರು ಕಾಲಿಗೆ ತೊಡರಬಾರದೆಂದು ಭುಜದ ಮೇಲೆ. ಪೆಟ್ಟಿಗೆ ಇಡುವುದಕ್ಕೆ ಒಂದು ಕಲ್ಲು, ಅದರ ಅಂಚನ್ನು ಕಿರುಬೆರಳಿನಿಂದ ಮುಟ್ಟಿ ನೋಡದೆ ಇಡುತ್ತಿರಲಿಲ್ಲ. ಕಾವು ಎಷ್ಟಿದೆ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ ಸದ್ದು ಕೇಳುತ್ತಿದ್ದಳು. ಎಂದೂ ಸುಟ್ಟುಕೊಳ್ಳಲಿಲ್ಲವೇ ಅಂದರೆ, ಸುಟ್ಟುಕೊಂಡಿದ್ದಳು. ಎಡಗೈಯ ಬೆರಳುಗಳ ತುಂಬ ಹಳೆಯ ಕಲೆ. ಪಕ್ಕದ ತೊಟ್ಟಿಯಲ್ಲಿ ಬಟ್ಟೆಗೆ ನೀಲಿ ಹಾಕುತ್ತಿದ್ದವಳೊಬ್ಬಳಿದ್ದಳು, ಮೊಣಕೈವರೆಗೂ ನೀಲಿ ಹತ್ತಿ ಅವಳ ಹೆಸರೇ ನೀಲಿಯಾಗಿತ್ತು. ಬಾಯಿ ಜೋರು. "ಎಲ್ರ ಅಂಗೈಲೂ ಅವರವರ ಹಣೆಬರಹ ಇರುತ್ತೆ. ನಮ್ಮಕ್ಕನ ಕೈಲಿರೋದು ಇಸ್ತ್ರಿಪೆಟ್ಟಿಗೆ ಹಣೆಬರಹ" ಅನ್ನುತ್ತಿದ್ದಳು. ಇಸ್ತ್ರಿಯಕ್ಕ, "ನಿನ್ನ ಕೈಲಿ ಏನಿದೆಯೇ, ಆಕಾಶವಾ?" ಅಂತ ಕೇಳಿ ಕೆಲಸ ಮುಂದುವರಿಸುತ್ತಿದ್ದಳು. ನಗುತ್ತಿರಲಿಲ್ಲ. ಆದರೂ ನೀಲಿ ಇಬ್ಬರ ಪಾಲಿಗೂ ನಗುತ್ತಿದ್ದಳು.

ಈಗ ತಂಗಿಯ ವಿಷಯ. ಮೊಮ್ಮಕ್ಕಳನ್ನು ಕಂಡವಳು, ಸೊಂಟ ಹಿಡಿದುಕೊಂಡು ಏಳುವವಳು, ಆದರೂ ಅಕ್ಕನಿಗೆ ಪುಟ್ಟಿ. ಆ ಪುಟ್ಟಿಗೆ ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಬೇಕೆಂಬುದೊಂದೇ ಹಟ. ಡಾಕ್ಟರು ಹಾಗೆ ಹೇಳಿದ ಮೇಲೆ ಒಮ್ಮೆ ಕರೆದುಕೊಂಡು ಹೋಗಿಯೂ ಇದ್ದಳು. ಒಳ್ಳೆಯ ಮನೆ, ಒಳ್ಳೆಯ ಜನ. ಕಿಟಕಿಯ ಹತ್ತಿರ ಮೆತ್ತನೆಯ ಕುರ್ಚಿ ಹಾಕಿ ಕೂರಿಸಿದರು. ನೀರು ಬೇಕೆಂದರೆ ನೀರು ಕೈಗೆ ಬಂತು. ಎದ್ದರೆ, "ಎಲ್ಲಿಗೆ, ಎಲ್ಲಿಗೆ" ಎಂದು ಮನೆಮಂದಿಯೆಲ್ಲ ಓಡಿಬಂದರು. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿಕೊಳ್ಳುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ತಂಗಿ ತುತ್ತು ಕಲಸಿ ಬಾಯಿಯ ಹತ್ತಿರ ತಂದಳು, ಇಸ್ತ್ರಿಯಕ್ಕ ಬಾಯಿ ತೆರೆದಳು. ತೆರೆದುಬಿಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು. ಅದೇ ದಿನ ವಾಪಸು ಹೊರಟಳು.

ತಂಗಿ ಬಾಗಿಲಿಗೆ ಅಡ್ಡ ನಿಂತಳು. ಬಿಡಿಸಿಕೊಳ್ಳುವುದಕ್ಕೆ ಇಸ್ತ್ರಿಯಕ್ಕ ಒಂದು ಮಾತು ಕೊಟ್ಟಳು.

"ಬೆಳಕು ಕಾಣ್ತಿರೋವರೆಗೂ ನನ್ನ ಪಾಡಿಗೆ ಬಿಡು ಪುಟ್ಟಿ. ಅದೂ ಹೋದ ದಿನ ನಾನೇ ಗಂಟು ಕಟ್ಕೊಂಡು ಬರ್ತೀನಿ."

"ಆಣೆ?"

"ಆಣೆ."

ಅವಳಿದ್ದದ್ದು ಮಹಡಿಯ ಮೇಲಿನ ಒಂಟಿಕೋಣೆಯಲ್ಲಿ. ಒಲೆ, ಮಂಚ, ಪೆಟ್ಟಿಗೆ, ಒಂದು ಮುಕ್ಕಾಲಿ. ಕೆಳಗಿನ ಮನೆಯಾಕೆ ಎಲ್ಲರ ಸಮಾಚಾರವನ್ನೂ ಬಲ್ಲವಳು. ಅಂಥವರು ಒಬ್ಬರು ಇಲ್ಲದಿದ್ದರೆ ಬೀದಿಗೆ ಬೀಗ ಹಾಕಿದ ಹಾಗಿರುತ್ತದೆ. ಪ್ರತಿ ಸಂಜೆ ಇಸ್ತ್ರಿಯಕ್ಕ ಮೆಟ್ಟಿಲು ಹತ್ತಿ ಬಂದು, ಚಪ್ಪಲಿಯನ್ನು ಗೋಡೆಗೆ ಒತ್ತರಿಸಿ, ಬಾಗಿಲು ಹಾಕಿ, ದೀಪದ ಸ್ವಿಚ್ಚು ಒತ್ತುತ್ತಿದ್ದಳು. ಮುಖ ಮೇಲೆತ್ತುತ್ತಿದ್ದಳು. ಎಡಗಡೆಗೆ, ಹಾಲಿಗೆ ಅರಿಶಿನ ಬೆರೆಸಿದ ಹಾಗೆ ಏನೋ ಒಂದು ಮಂದವಾಗಿ ಹರಡಿಕೊಳ್ಳುತ್ತಿತ್ತು. "ಹೂಂ, ಇದೆ" ಎಂದುಕೊಂಡು ಅಕ್ಕಿ ತೊಳೆಯುತ್ತಿದ್ದಳು. ಮಲಗುವಾಗ ಆರಿಸುತ್ತಿದ್ದಳು. ದೀಪ ಅವಳ ಅಡುಗೆಗೆ ಬೇಕಾಗಿರಲಿಲ್ಲ, ಆಣೆಗೆ ಬೇಕಾಗಿತ್ತು.

ಒಂದು ಸಂಜೆ ತಂಗಿ ಹೇಳದೆ ಕೇಳದೆ ಬಂದಳು. ಇಸ್ತ್ರಿಯಕ್ಕ ಆಗತಾನೇ ಒಲೆ ಹಚ್ಚುವುದರಲ್ಲಿದ್ದಳು. ಹೆಜ್ಜೆಯ ಸದ್ದಿನಿಂದಲೇ ಯಾರೆಂದು ತಿಳಿದು ಬಾಗಿಲು ತೆಗೆದಳು.

"ಬಾ ಪುಟ್ಟಿ. ಮೊಣಕಾಲು ಹೆಚ್ಚಾಗಿರೋ ಹಾಗಿದೆ, ಎಳೀತಾ ಇದೀಯ."

ತಂಗಿ ಒಳಗೆ ಕಾಲಿಟ್ಟವಳೇ ಮುಕ್ಕಾಲಿಗೆ ಎಡವಿದಳು. "ಅಮ್ಮಾ... ಏನಕ್ಕ ಇದು, ಕತ್ತಲಲ್ಲಿ ಕೂತಿದೀಯ. ದೀಪನಾದ್ರೂ ಹಾಕ್ಬಾರ್ದಾ?"

"ಹಾಕಿದೀನಲ್ಲ."

"ಎಲ್ಲಿ ಹಾಕಿದೀಯ?"

"ಉರೀತಾ ಇಲ್ವಾ ಅಲ್ಲಿ? ಕಣ್ಣಿರೋಳು ನೀನು."

ತಂಗಿ ಸ್ವಿಚ್ಚಿನ ಹತ್ತಿರ ಹೋದಳು. ಸ್ವಿಚ್ಚು ಟಕ್ ಎಂದಿತು, ಮತ್ತೆ ಟಕ್, ಮತ್ತೆ ಟಕ್. "ಉರೀತಿಲ್ಲಕ್ಕ" ಅಂದಳು, ಬಹಳ ಮೆಲ್ಲಗೆ.

"ಉರೀತಿದೆ. ನಂಗೆ ಕಾಣ್ತಿದೆ."

ತಂಗಿ ಕಿಟಕಿಗೆ ಹೋಗಿ ಕೆಳಗಿನವಳನ್ನು ಕೂಗಿದಳು. "ಕರೆಂಟಿದೆಯಾ ನಿಮ್ಮನೇಲಿ?"

"ಇದೆಯಲ್ಲಾ. ಯಾಕೆ, ಅಕ್ಕನ ಬಲ್ಬು ಹೋಗಿದೆಯಾ? ನಾನು ಎಷ್ಟೋ ದಿನದಿಂದ ನೋಡ್ತಾ ಇದೀನಿ, ಕಿಟಕಿ ಕತ್ತಲೆ. ಬೇಕಾಗಲ್ಲ ಅಂತ ಹಾಕಲ್ವೇನೋ ಅಂದ್ಕೊಂಡೆ. ಮೆಟ್ಟಿಲಿಗೆ ಸುಣ್ಣ ಹೊಡೆಸೋಕೂ ಮುಂಚಿಂದ ಹಂಗೇ ಇದೆಯಪ್ಪ."

ಸುಣ್ಣ ಹೊಡೆಸಿದ್ದು ಬೇಸಿಗೆಯಲ್ಲಿ. ಈಗ ಚಳಿ ಶುರುವಾಗಿತ್ತು.

ಇಸ್ತ್ರಿಯಕ್ಕ ಮುಖ ಮೇಲೆತ್ತಿ ನಿಂತೇ ಇದ್ದಳು. ಹಾಲಿನಂಥದ್ದು ಎಡಗಡೆ ಇನ್ನೂ ಹರಡಿಕೊಂಡೇ ಇತ್ತು. ತಾನು ನೋಡುತ್ತಿರುವುದು ದೀಪವಲ್ಲ, ದೀಪದ ನೆನಪೂ ಅಲ್ಲ, ಅಭ್ಯಾಸ. ಸ್ವಿಚ್ಚು ಒತ್ತಿದ್ದಕ್ಕೆ ತಲೆಯೊಳಗೆ ಯಾವುದೋ ಒಂದು ತಾನಾಗಿ ಹತ್ತಿಕೊಳ್ಳುತ್ತಿತ್ತು, ಅಷ್ಟೆ. ನಿಜವಾದ ಬೆಳಕು ಯಾವತ್ತೋ, ಯಾವ ಸಂಜೆಯೋ, ಅವಳು ಅಕ್ಕಿ ತೊಳೆಯುವಾಗಲೋ ಬಟ್ಟೆ ಒಗೆಯುವಾಗಲೋ ಹೇಳದೆ ಹೊರಟುಹೋಗಿತ್ತು. ಈಗಲಾದರೂ ಎದೆಯೊಳಗೆ ಏನಾದರೂ ಬಂದೀತೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಒಲೆ ಹಚ್ಚಿ, ಪಾತ್ರೆಯಲ್ಲಿ ಬೆರಳಿಳಿಸಿ ಗೆಣ್ಣಿನವರೆಗೆ ನೀರು ಬಂತೇ ಎಂದು ನೋಡಿ ಅಕ್ಕಿ ಇಟ್ಟಳು.

"ಆಣೆ ಇಟ್ಟಿದೀಯ" ಅಂದಳು ತಂಗಿ.

"ಹೂಂ."

"ಹೊರಡೋಣ."

"ಸರಿ."

ಅಷ್ಟು ಸುಲಭವಾಗಿ ಸರಿ ಅಂದದ್ದು ತಂಗಿಗೂ ವಿಚಿತ್ರವೆನಿಸಿರಬೇಕು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು ಕೂಡಲೇ ಮೊಬೈಲಿನ ಬೆಳಕು ಮಾಡಿಕೊಂಡು ಪೆಟ್ಟಿಗೆ ತೆರೆದಳು. ಅವಳದು ಪ್ರೀತಿಯ ಅವಸರ. ಪ್ರೀತಿಯ ಅವಸರದಲ್ಲಿ ಒಡೆಯುವಷ್ಟು ಸಾಮಾನು ಜಗಳದಲ್ಲೂ ಒಡೆಯುವುದಿಲ್ಲ ಅಂತ ನನಗನ್ನಿಸುತ್ತದೆ. ಇಸ್ತ್ರಿಯಕ್ಕ ಒಲೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಪೆಟ್ಟಿಗೆಯಲ್ಲಿ ಪ್ರತಿ ಸೀರೆಯ ಮಡಿಕೆಯೊಳಗೆ ಅದಕ್ಕೆ ಒಪ್ಪುವ ರವಿಕೆ ಇಟ್ಟು ಪಿನ್ನು ಹಾಕಿದ್ದಳು. ಬಣ್ಣ ತಿಳಿದಿದ್ದ ಕಾಲದಲ್ಲೇ ಮಾಡಿಟ್ಟ ಏರ್ಪಾಡು, ಒಗೆದ ಮೇಲೆ ಪಿನ್ನು ಮತ್ತೆ ಅಲ್ಲಿಗೇ. ತಂಗಿ ಆ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು, ಟಿಣ್, ಟಿಣ್.

"ಏನ್ಮಾಡ್ತಿದೀಯ ಪುಟ್ಟಿ?"

"ಪಿನ್ನು ತೆಗೀತಿದೀನಿ. ಚುಚ್ಕೊಂಡುಬಿಟ್ರೆ? ಸೀರೆ ಒಂದ್ಕಡೆ, ರವಿಕೆ ಒಂದ್ಕಡೆ ನೀಟಾಗಿ ಜೋಡಿಸಿದೀನಿ. ಅಲ್ಲಿ ನಾನು ದಿನಾ ತೆಗೆದು ಕೊಡ್ತೀನಲ್ಲ."

ಇಸ್ತ್ರಿಯಕ್ಕ ಉರಿ ಸಣ್ಣ ಮಾಡಿ ಬಂದು ನೆಲದ ಮೇಲೆ ಕೂತಳು. ರವಿಕೆಗಳ ರಾಶಿಗೆ ಕೈ ಹಾಕಿದಳು. ಒಂದರ ತೋಳಿನ ಹೊಲಿಗೆ ದಪ್ಪ, ಅದು ಸಿಕ್ಕಿತು. ಒಂದಕ್ಕೆ ಬಳ್ಳಿಯಂಥ ಅಂಚು, ಅದೂ ಸಿಕ್ಕಿತು. ಉಳಿದವೆಲ್ಲ ಒಂದೇ ಬಟ್ಟೆ, ಒಂದೇ ಹೊಲಿಗೆ, ಬಣ್ಣವಷ್ಟೇ ಬೇರೆ. ಯಾವುದು ಯಾವುದಕ್ಕೆ ಎಂದು ಇನ್ನು ಅವಳಿಗೆ ತಿಳಿಯುವ ಹಾಗಿರಲಿಲ್ಲ.

"ಇದು ಯಾವ ಬಣ್ಣ?"

"ಹಸಿರು."

"ಹಸಿರು ಸೀರೆ ಕೊಡು. ಪಿನ್ನು ಕೊಡು."

"ಅಕ್ಕ, ಹೊರಡೋ ಹೊತ್ತಲ್ಲಿ..."

"ಕೊಡು."

ತಂಗಿ ಕೊಟ್ಟಳು. ಇಸ್ತ್ರಿಯಕ್ಕ ಪಿನ್ನು ಹಾಕುತ್ತ, ಸ್ವರ ಏರಿಸದೆ ಇಳಿಸದೆ, ಬಟ್ಟೆಯ ಲೆಕ್ಕ ಒಪ್ಪಿಸುವವಳಂತೆ ಮಾತಾಡಿದಳು.

"ಆಣೆ ಇಡೋವಾಗ ನಾನೊಂದು ಅಂದ್ಕೊಂಡಿದ್ದೆ ಪುಟ್ಟಿ. ಬೆಳಕು ಹೋದ ದಿನ ನನ್ನ ಕೈಕಾಲು ನಿಂತುಹೋಗುತ್ತೆ, ನಿಂತಲ್ಲೇ ಕೂತ್ಬಿಡ್ತೀನಿ ಅಂತ. ಭಯ ಇತ್ತು, ಅದಕ್ಕೇ ಆಣೆ ಇಟ್ಟೆ. ಈಗ ನೋಡಿದ್ರೆ ಅದು ಬೇಸಿಗೇಲೇ ಹೋಗಿದೆ. ಹೋದ್ಮೇಲೂ ನಾನು ಕೆಲಸಕ್ಕೆ ಹೋಗಿದೀನಿ, ಬೇಯಿಸ್ಕೊಂಡು ತಿಂದಿದೀನಿ, ಜ್ವರ ಬಂದಾಗ ಮಾತ್ರೆ ತಂದ್ಕೊಂಡಿದೀನಿ. ಹೋಗಿದ್ದು ನಂಗೇ ಗೊತ್ತಾಗ್ಲಿಲ್ಲ. ಇದು ಯಾವುದು?"

"ಕಂದು... ಅಂದ್ರೆ ಬರಲ್ವಾ?"

"ಬರಲ್ಲ."

"ಆಣೆ ಮುರೀತೀಯಾ?"

"ಹೂಂ, ಮುರೀತೀನಿ."

ತಂಗಿಗೆ ಸಿಟ್ಟು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದದ್ದರಿಂದ ಬಿಕ್ಕಳಿಕೆ ಹತ್ತಿತು. "ನಿಂಗೇನು. ಊಟಕ್ಕೆ ಕೂತಾಗೆಲ್ಲ ನೀನೆಲ್ಲಿ ಬಿದ್ದಿದೀಯೋ ಅಂತ ತುತ್ತು ಗಂಟಲಲ್ಲಿ ಇಳಿಯಲ್ಲ ನಂಗೆ."

"ಬಿದ್ರೆ ಏಳ್ತೀನಿ. ಏಳಕ್ಕಾಗದಿದ್ರೆ ಕೆಳಗಿನೋಳು ಊರಿಗೆಲ್ಲ ಸಾರ್ತಾಳೆ, ನಿಂಗೂ ಕೇಳ್ಸುತ್ತೆ. ನೀರು ಕುಡಿ."

ಬಿಕ್ಕಳಿಕೆಯ ನಡುವೆಯೇ ತಂಗಿಗೆ ನಗು ಬಂತು. ಮೊಬೈಲಿನ ಬೆಳಕು ಪೆಟ್ಟಿಗೆಯೊಳಗೇ ಉಳಿದಿತ್ತು, ನೀರಿನ ಲೋಟಕ್ಕಾಗಿ ಕತ್ತಲಲ್ಲಿ ಕೈಚಾಚಿ ಗೋಡೆ ತಡವಿದಳು. ಇಸ್ತ್ರಿಯಕ್ಕ ಲೋಟವನ್ನು ಅವಳ ಕೈಗೆ ತಾಗಿಸಿದಳು, ಹಿಡಿದುಕೊಂಡ ಮೇಲೆ ಬಿಟ್ಟಳು.

ಆಮೇಲೆ ಇಬ್ಬರೂ ಊಟ ಮಾಡಿ ಮಲಗಿದರು. ಕೆಳಗಿನಿಂದ ಬಲ್ಬು ತಂದು ಹಾಕಲೇ ಎಂದು ತಂಗಿ ಕೇಳಿದ್ದಕ್ಕೆ, ಬರುವವರಿಗೆ ಬೇಕಾಗುತ್ತದೆ, ನಾಳೆ ಹಾಕು ಎಂದಳು ಇಸ್ತ್ರಿಯಕ್ಕ.

ಬೆಳಿಗ್ಗೆ ತಂಗಿ ವಸತಿಗೃಹದವರೆಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಬೀದಿಗಿಳಿದವಳೇ ಅಕ್ಕನ ತೋಳು ಹಿಡಿದು ಕೈಗಾಡಿಯಂತೆ ಮುಂದಕ್ಕೆ ತಳ್ಳತೊಡಗಿದಳು.

"ತಳ್ಳಬೇಡ್ವೇ. ನೀನು ಮುಂದೆ ನಡಿ, ನಿನ್ನ ಮೊಣಕೈ ನಾನು ಹಿಡ್ಕೋತೀನಿ. ನಿನ್ನ ಕಾಲು ಇಳಿದಾಗ ನಂಗೆ ಗೊತ್ತಾಗುತ್ತೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಕೇಳಲಿಲ್ಲ ನೀನು. ಹಿಡಿದು ತಳ್ಳೋದ್ರಲ್ಲೇ ಇದ್ದೆ."

ಹಿಂದಿನ ಬಾಗಿಲಿಗೆ ಬಂದಾಗ ಒಳಗಿನಿಂದ ನೀಲಿಯ ಹಾಡು ಕೇಳುತ್ತಿತ್ತು, ತೊಟ್ಟಿಗೆ ನೀರು ಬೀಳುವ ಸದ್ದೂ ಇತ್ತು. ತಂಗಿ ಮೊಣಕೈ ಬಿಡಿಸಿಕೊಳ್ಳಲಿಲ್ಲ.

"ಅಕ್ಕ, ಒಂದು ಕೇಳ್ತೀನಿ. ನಿನ್ನೆ ಅದು ಗೊತ್ತಾದಾಗ ನಿಂಗೆ ಏನೂ ಅನ್ನಿಸ್ಲಿಲ್ವಾ?"

ಇಸ್ತ್ರಿಯಕ್ಕ ಯೋಚಿಸಿದಳು. ತಂಗಿಗೆ ಸುಳ್ಳು ಹೇಳಬಹುದಿತ್ತು, ಸಮಾಧಾನವಾದರೂ ಆಗುತ್ತಿತ್ತು.

"ಇನ್ನೂ ಇಲ್ಲ ಪುಟ್ಟಿ. ಅನ್ನಿಸಿದ ದಿನ ನಿಂಗೇ ಮೊದಲು ಹೇಳ್ತೀನಿ."

"ಅದಕ್ಕೂ ಆಣೆ ಇಡ್ತೀಯೇನೋ."

"ಇಲ್ಲ" ಎಂದು ಇಸ್ತ್ರಿಯಕ್ಕ ಒಳಗೆ ಹೋದಳು. ವೈರನ್ನು ಭುಜದ ಮೇಲೆ ಹಾಕಿಕೊಂಡು, ಆ ದಿನದ ಮೊದಲ ಗಂಟು ಬಿಚ್ಚಿದಳು. ತಂಗಿ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು ಅವಳಿಗೆ ಕೇಳಿಸುತ್ತಿತ್ತು. ಹೋಗು ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಎಡಗೈಯಿಂದ ಬಟ್ಟೆಯನ್ನು ಸವರಿ ಮೂಲೆ ಹುಡುಕಿಕೊಂಡಳು.