ನೇತುಬಿದ್ದವನ ಮುಖ

ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ಇಳಿದು ಬಣ್ಣ ಬಳಿಯುವ, ಕಿಟಕಿಯ ಗಾಜು ಒರೆಸುವ ಅವನನ್ನು ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು. ಕೈ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು. ಸುಮ್ಮನಿರುವುದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. ಛಾವಣಿಯ ಮೇಲೆ ನಿಂತು ಹಗ್ಗ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ.

ಆ ಬೆಳಿಗ್ಗೆ ಮೇಲಿನ ಮಹಡಿಯ ಕಿಟಕಿಯೊಂದನ್ನು ಒರೆಸುತ್ತಿದ್ದಾಗ, ಒಳಗೆ ವಯಸ್ಸಾದ ಹೆಂಗಸೊಬ್ಬರು ಮೇಜಿನ ಮೇಲೆ ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹರಡಿಕೊಂಡು ಕೂತಿದ್ದರು. ಟ್ಯಾರೋ ಎಲೆ ನೋಡಿ ಭವಿಷ್ಯ ಹೇಳುತ್ತಾರೆಂದು ಕಟ್ಟಡದಲ್ಲೆಲ್ಲ ಅವರಿಗೆ ಹೆಸರಿತ್ತು. ಕಿಟಕಿ ಅರ್ಧ ತೆರೆದಿತ್ತು.

"ಅಮ್ಮಾ, ನಂಗೂ ಒಂದು ಎಲೆ ತೋರ್ಸಿ. ಮೇಲಿಂದ ಇಳಿದು ಬಂದಿರೋ ಗಿರಾಕಿ ನಾನು."

ಆಕೆ ನಗುತ್ತ ಎಲೆಗಳ ಕಟ್ಟನ್ನು ಮುಂದೆ ಹಿಡಿದರು. ಒದ್ದೆ ಬೆರಳಲ್ಲೇ ಒಂದನ್ನು ಎಳೆದ. ಅದರಲ್ಲಿ ಒಬ್ಬ ಮನುಷ್ಯ ಒಂದೇ ಕಾಲಿನಿಂದ ಮರಕ್ಕೆ ತಲೆಕೆಳಗಾಗಿ ನೇತುಬಿದ್ದಿದ್ದ.

"ಏನಮ್ಮಾ ಇದು, ನನ್ನ ಕಥೆ ಮುಗೀತಾ?"

"ಇಲ್ಲಪ್ಪಾ, ಇದು ಸಾವಿನ ಎಲೆ ಅಲ್ಲ. ಇವನ ಮುಖದಲ್ಲಿ ನೋವು ಕಾಣುತ್ತಾ, ನೋಡು. ಮರದಲ್ಲಿ ಚಿಗುರಿದೆ, ಅಂದ್ರೆ ಜೀವ ಇದೆ. ಕೈ ಹಿಂದಕ್ಕೆ ಕಟ್ಕೊಂಡಿದಾನೆ, ಒದ್ದಾಡೋದು ಬಿಟ್ಟಿದಾನೆ ಅಂತ. ತಲೆ ಸುತ್ತ ಬೆಳಕಿದೆಯಲ್ಲ, ತಲೆಕೆಳಗಾದ ಮೇಲೇ ಅವನಿಗೆ ಅರಿವು ಬಂದಿದ್ದು. ತಡಿ, ಹಿಡಿದಿದ್ದನ್ನ ಬಿಡು, ಬೇರೆ ಥರ ನೋಡು, ಅಷ್ಟೇ ಇದರ ಅರ್ಥ."

"ನಾನು ಹಿಡಿದಿದ್ದನ್ನ ಬಿಟ್ರೆ ಸೀದಾ ನೆಲಕ್ಕೇ ಹೋಗ್ತೀನಮ್ಮಾ" ಎಂದು ನಕ್ಕು ಕೆಳಗಿಳಿದ.

ಮಧ್ಯಾಹ್ನ, ಕೆಳಗಿನ ಖಾಲಿ ಮನೆಯೊಂದರ ಕಿಟಕಿ. ಮೂಲೆ ಎಟುಕಲಿಲ್ಲವೆಂದು, ಬೀಳದಂತೆ ಬಿಗಿದಿದ್ದ ಸೊಂಟದ ಪಟ್ಟಿ ಬಿಚ್ಚಿ ಬಾಗಿದ. ಕೂತಿದ್ದ ಹಲಗೆಯ ಒಂದು ಬದಿಯ ಹಗ್ಗ ಪಟ್ಟನೆ ಕಿತ್ತುಹೋಯಿತು. ಜಗತ್ತು ಮಗುಚಿತು. ಇನ್ನೊಂದು ಬದಿಯ ಹಗ್ಗ ಒಂದು ಕಣಕಾಲಿಗೆ ಸುತ್ತಿಕೊಂಡು ಅವನು ತಲೆಕೆಳಗಾಗಿ ನೇತುಬಿದ್ದ. ಬಕೆಟ್ಟು ನೆಲಕ್ಕೆ ಬಡಿದ ಸದ್ದು ತುಂಬ ತಡವಾಗಿ ಕೇಳಿಸಿತು. ಅರಚಿದ, ಒದ್ದಾಡಿದ. ಒದ್ದಾಡಿದಷ್ಟೂ ಹಗ್ಗದ ಸುತ್ತು ಹಿಮ್ಮಡಿಯತ್ತ ಜಾರುತ್ತಿತ್ತು.

ಕಣ್ಣೆದುರು ಆಗಷ್ಟೇ ಒರೆಸಿದ ಗಾಜು, ಅದರಾಚೆ ಕತ್ತಲು ಕೋಣೆ. ಗಾಜಿನಲ್ಲಿ ಅವನದೇ ಪ್ರತಿಬಿಂಬ. ತಲೆಕೆಳಗಾದವನ ಕಣ್ಣಿಗೆ ಅದು ನೆಟ್ಟಗೆ ನಿಂತಂತಿತ್ತು. ಬೆನ್ನ ಹಿಂದಿನ ಬಿಸಿಲು ಅದರ ತಲೆಯ ಸುತ್ತ ಹಳದಿ ಬಳೆಯಂತೆ ಹೊಳೆಯುತ್ತಿತ್ತು. ಹಲ್ಲಿ ಬಾಯಿ ತೆರೆದು ಕೂಗುತ್ತಲೇ ಇದ್ದ. ಗಾಜಿನಲ್ಲಿದ್ದವನ ಬಾಯಿ ಮುಚ್ಚಿತ್ತು.

ಹಲ್ಲಿ ಕೂಗು ನಿಲ್ಲಿಸಿದ. ಗಾಜಿನೊಳಗಿನವನು ನಿಧಾನವಾಗಿ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದ. ಬಿಡಿಯಾಗಿದ್ದ ಕಾಲನ್ನು ಮಡಚಿದ. ಬೇರೇನೂ ತೋಚದೆ ಹಲ್ಲಿಯೂ ಹಾಗೆಯೇ ಮಾಡಿದ. ತೂಗಾಟ ನಿಂತಿತು. ಹಗ್ಗ ಜಾರುವುದೂ ನಿಂತಿತು.

"ಭಾವಾ, ಹಾಗೇ ಇರಿ, ಅಲ್ಲಾಡ್ಬೇಡಿ, ಬರ್ತಿದೀವಿ" ಎಂದು ಮೇಲಿನಿಂದ ಕೂಗು ಬಂತು.

ಬಾಗಿಲು ಒಡೆದು ಒಳನುಗ್ಗಿದವರು ಗಾಜನ್ನು ಪಕ್ಕಕ್ಕೆ ಸರಿಸಿದರು. ಗಾಜಿನ ಜೊತೆ ಅದರೊಳಗಿನವನೂ ಸರಿದುಹೋದ, ಹಲ್ಲಿಯ ಮೇಲಿಟ್ಟ ಕಣ್ಣು ಕೀಳದೆ. ಮರುಗಳಿಗೆ ಹತ್ತಾರು ಕೈಗಳು ಹಲ್ಲಿಯನ್ನು ಒಳಗೆಳೆದುಕೊಂಡವು.

ಪಾದದ ಊತ ಇಳಿದ ಮೇಲೆ ಅವನು ಕೆಲಸಕ್ಕೆ ಮರಳಿದ. ಮಾತು ಮಾತ್ರ ತೀರಾ ಕಡಿಮೆಯಾಗಿತ್ತು. "ಬೈದ್ರೂ ತಿರುಗಿ ಬೈಯಲ್ಲ, ಸುಮ್ನೆ ನೋಡ್ತಾರೆ. ನಂಗೆ ಯಾಕೋ ಭಯ ಆಗುತ್ತೆ ಕಣೋ" ಎಂದು ಹೆಂಡತಿ ತನ್ನ ತಮ್ಮನ ಹತ್ತಿರ ಅಂದಳು.

ತಮ್ಮನಿಗೂ ಅಳುಕಿತ್ತು. ಈಗ ಭಾವ ಗೋಡೆಗೆ ಬಣ್ಣ ಬಳಿಯುತ್ತಿದ್ದ, ಗಾಜಿನ ತಂಟೆಗೆ ಹೋಗುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟ.

"ಯಾಕೆ ಭಾವ, ಗಾಜೆಲ್ಲ ನನಗೇ ಬಿಡ್ತೀರಲ್ಲ?"

ಹಲ್ಲಿ ಬಣ್ಣದ ಕುಂಚ ಕೆಳಗಿಟ್ಟ.

"ಅವತ್ತು ಮೊದಲು ಕೈ ಹಿಂದಕ್ಕೆ ಕಟ್ಟಿದ್ದು ನಾನಲ್ಲ" ಎಂದ.