ಬಲಕ್ಕೆ ಇಳಿಯುವುದು

ಆಯುಸ್ಸಿಡೀ ಸೈಕಲ್ ತುಳಿದು ಕಾಗದ ಹಂಚಿದ ಅಂಚೆಯಕ್ಕನಿಗೆ ನಿವೃತ್ತಿಯಾದದ್ದೇ ತಡ, ಪರದೇಶವೊಂದನ್ನು ಈ ತುದಿಯಿಂದ ಆ ತುದಿಗೆ ಸೈಕಲ್ಲಿನಲ್ಲೇ ಸುತ್ತುವ ಹಟ ಹಿಡಿಯಿತು. ಡೇರೆ, ಪಂಪು, ಪಂಕ್ಚರ್ ಸಾಮಾನು ಎಲ್ಲ ಸಿದ್ಧವಾದವು. ಕೈಕೊಟ್ಟದ್ದು ಕಾಲು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಇವಳೋ ಸೈಕಲ್ಲಿನಿಂದ ಎಂದೂ ಎಡಕ್ಕೇ ಇಳಿದವಳು. ಅಲ್ಲಿ ಹಾಗೆ ಇಳಿದರೆ ನೆಟ್ಟಗೆ ಲಾರಿಯ ಬಾಯಿಗೇ.

ಸರಿ, ಹಿತ್ತಲಿನಲ್ಲಿ ಬಲಕ್ಕೆ ಇಳಿಯುವ ಅಭ್ಯಾಸ ಶುರುವಾಯಿತು. ಹುಟ್ಟುಗುಣ ಸುಟ್ಟರೂ ಹೋಗದಂತೆ. ತಲೆ ಬಲ ಎಂದರೆ ಕಾಲು ಎಡ ಎನ್ನುತ್ತಿತ್ತು. ಇವೆರಡರ ಜಗಳದಲ್ಲಿ ಅಂಚೆಯಕ್ಕ ಧೊಪ್ಪನೆ ಬೀಳುತ್ತಿದ್ದಳು. ಬಟ್ಟೆ ಒಣಹಾಕುವ ಹಗ್ಗ ಹರಿಯಿತು, ಮೊಣಕಾಲು ತರಚಿತು.

"ಈ ವಯಸ್ಸಲ್ಲಿ ಬೇಕಿತ್ತಾ ಇದು?" ಗಂಡ ಮುಲಾಮು ಹಚ್ಚುತ್ತಾ ಗೊಣಗಿದ. "ಅಲ್ಲಿ ಹೋಗಿ ಬಿದ್ರೆ ಎತ್ತೋಕೆ ಯಾರಿದಾರೆ?"

"ಯಾರೂ ಇಲ್ಲ ಕಣ್ರೀ." ಅಂಚೆಯಕ್ಕ ಸೈಕಲ್ ಎತ್ತಿ ನಿಲ್ಲಿಸಿದಳು. "ಅದಕ್ಕೇ, ಬೀಳೋದೆಲ್ಲ ನೀವಿರೋ ಕಡೆನೇ ಬಿದ್ದು ಮುಗಿಸ್ತಿದೀನಿ."

ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕಲು ಹೊರಟಿದ್ದ ಗಂಡ, ಹಾಕದೆ ಹಾಗೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.