ಗೇರಿನ ಮೇಲಿನ ಕೈ

ನನ್ನ ಸೊಸೆ ಕಾರು ಓಡಿಸುವುದನ್ನು ಬಿಟ್ಟು ಕಂಪ್ಲಿಗೆ ಬಸ್ಸಿನಲ್ಲಿ ಹೋಗತೊಡಗಿದ್ದು ನನ್ನಿಂದ. ಮನೆಯಲ್ಲಿ ಎಲ್ಲರೂ ತಪ್ಪು ಅವಳದೇ ಎಂದು ನಂಬಿದ್ದರು. ಹಾಗೆ ನಂಬುವಂತೆ ಮಾಡಿದವನೂ ನಾನೇ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸ್ಟೇರಿಂಗ್ ಹಿಡಿದವನು. ಸಂಡೂರಿನ ಗಣಿಗಳಲ್ಲಿ ಸಾಹೇಬರ ಜೀಪು ಓಡಿಸುತ್ತಲೇ ತಲೆ ಬೆಳ್ಳಗಾಯಿತು. ಓಡಿಸಿದ್ದೆಲ್ಲ ಡೀಸೆಲ್ ಗಾಡಿ. ಅದಿರಿನ ಲಾರಿಗಳ ಹಿಂದೆ ತೆವಳುತ್ತಿದ್ದರೂ ಅವಕ್ಕೆ ಗೇರ್ ಇಳಿಸಬೇಕಾಗಿರಲಿಲ್ಲ. ಕಾಲು ಒತ್ತಿದರೆ ಹೊಟ್ಟೆಯೊಳಗಿಂದ ಗುರ್ರೆಂದು ಎದ್ದು ಎಳೆಯುತ್ತಿದ್ದವು. ಪೆಟ್ರೋಲ್ ಎಂದರೆ ನನಗೆ ಸ್ಕೂಟರಿಗೆ ಹಾಕುವ ಎಣ್ಣೆ, ಅಷ್ಟೆ.

ಸೊಸೆ ಕಂಪ್ಲಿಯ ಶಾಲೆಯಲ್ಲಿ ಟೀಚರು. ಹೊಸಪೇಟೆಯಿಂದ ದಿನಾ ಓಡಾಡಲು ಅವಳು ಆರಿಸಿಕೊಂಡದ್ದು ಪೆಟ್ರೋಲ್ ಕಾರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

"ಕಾಯಿಪಲ್ಲೆ ತರಾಕ ಅಡ್ಡಿ ಇಲ್ಲ ಬಿಡವ್ವ. ಹೈವೇಗೆ ಮಾತ್ರ ಡೀಸೆಲ್ಲೇ ಬೇಕು," ಎಂದೆ.

"ನಿಮ್ಮ ಡೀಸೆಲ್ ಒದರ್ತೈತ್ರಿ ಮಾವಾ. ನಂದು ಹಾಡ್ತೈತಿ," ಎಂದಳು.

ಒಂದು ಭಾನುವಾರ ಚಿತ್ರದುರ್ಗದ ನಾಲ್ಕು ಪಥದ ರಸ್ತೆಯಲ್ಲಿ ಅವಳೇ ನಮ್ಮನ್ನು ಕರೆದೊಯ್ದಳು. ವೇಗದ ಮುಳ್ಳು ನೂರರ ಹತ್ತಿರ ನಿಂತಿತ್ತು, ಒಳಗೆ ಪಿಸುಮಾತೂ ಕೇಳಿಸುತ್ತಿತ್ತು. ನನ್ನ ಜೀಪಿನಲ್ಲಿ ಆ ವೇಗಕ್ಕೆ ಬಾಗಿಲೂ ಹಲ್ಲೂ ಒಟ್ಟಿಗೆ ನಡುಗುತ್ತಿದ್ದವು. ಲಾರಿ ದಾಟುವಾಗ ಅವಳು ಗೇರ್ ಒಂದು ಇಳಿಸಿ, ಎಂಜಿನ್ ಕೂಗುವಂತೆ ಒತ್ತಿ, ಸರಕ್ಕನೆ ಮುಂದೆ ಹೋದಳು.

"ಹೆಂಗೈತ್ರಿ ಮಾವಾ?"

ಚೆನ್ನಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಗೇರ್ ಇಳಿಸಿ ಯಾಕ ಒದರಿಸ್ತಿ ಅದನ್ನ? ಇದ್ದ ಗೇರಿನಾಗ ಎಳದ್ರ ಅದು ಎಂಜಿನ್ನು." ಹಿಂದೆ ಕೂತಿದ್ದ ಮಗ ನನ್ನ ಮಾತಿಗೆ ನಕ್ಕ. ಆ ನಗು ನನಗೆ ಚುಚ್ಚಿತು.

ಅದೇ ವಾರ ಕಂಪ್ಲಿಯಲ್ಲಿ ಕೆಲಸವಿದ್ದು ಅವಳ ಪಕ್ಕ ಮುಂದಿನ ಸೀಟಿನಲ್ಲಿ ಕೂತೆ. ಕಮಲಾಪುರ ದಾಟಿದ ಮೇಲೆ ರಸ್ತೆ ಕಿರಿದು. ಬುಕ್ಕಸಾಗರದ ಆಚೆ ಎರಡು ಟ್ರಾಲಿಗಳ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಅದರ ಹಿಂದೆ ವೇಗ ಇಳಿಯಿತು. ಕಾರು ಇನ್ನೂ ನಾಲ್ಕನೇ ಗೇರಿನಲ್ಲೇ ಇತ್ತು. ಎದುರಿಗೆ ದೂರದಲ್ಲಿ ಲಾರಿ. ಅವಳು ಬಲಕ್ಕೆ ಬಂದಳು. ಅವಳ ಲೆಕ್ಕ ಸರಿಯಿತ್ತು, ದಾಟಲು ಸಮಯವಿತ್ತು. ಎಡಗೈ ಗೇರಿಗೆ ಹೋಯಿತು.

ನನ್ನ ಕೈ ಅವಳ ಕೈಯ ಮೇಲೆ ಬಿತ್ತು.

"ಮುಟ್ಟಬ್ಯಾಡ. ನಾಕರಾಗ ಎಳೀತೈತಿ. ಒತ್ತು!"

ಒತ್ತಿದಳು. ಕಾರು ಒಮ್ಮೆ ನಡುಗಿತು, ಅಷ್ಟೆ. ನನ್ನ ಡೀಸೆಲ್ ಏಳುತ್ತಿದ್ದ ಜಾಗದಲ್ಲಿ ಅದಕ್ಕೆ ಉಸಿರೇ ಇರಲಿಲ್ಲ. ಹಿಂದಿನ ಟ್ರಾಲಿಯ ಪಕ್ಕದಲ್ಲಿ ತೆವಳುತ್ತಿದ್ದೆವು. ಕಬ್ಬಿನ ಗರಿ ನನ್ನ ಕಿಟಕಿಯನ್ನು ಕೆರೆಯುತ್ತಿತ್ತು. ಲಾರಿ ದೊಡ್ಡದಾಗುತ್ತ ಬಂತು, ಹಾರ್ನ್ ನಿಲ್ಲಲೇ ಇಲ್ಲ.

"ಮಾವಾ, ಕೈ ತಗೀರಿ!"

ತೆಗೆಯಬೇಕಿತ್ತು. ಬೆರಳುಗಳು ಬಿಗಿದುಕೊಂಡಿದ್ದವು. ಅವಳು ಬ್ರೇಕ್ ಒತ್ತಿ ಟ್ರಾಲಿಯ ಹಿಂದಕ್ಕೆ ಕಾರನ್ನು ಎಳೆದುಕೊಂಡಳು. ಲಾರಿ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

ಕಾರನ್ನು ಬದಿಗೆ ಹಾಕಿ ಸ್ಟೇರಿಂಗಿನ ಮೇಲೆ ತಲೆಯಿಟ್ಟಳು. ಅವಳ ಕೈಯ ಮೇಲೆ ನನ್ನ ಉಂಗುರದ ಗುರುತು ಕೆಂಪಗೆ ಮೂಡಿತ್ತು.

ಸಂಜೆ ಮಗ ಕನ್ನಡಿ ಹೇಗೆ ಹೋಯಿತೆಂದು ಕೇಳಿದ. ಅವಳು ನನ್ನನ್ನು ನೋಡಿದಳು, ನಾನೇ ಹೇಳಲಿ ಎಂದು. ನಾನು ಹೇಳಿದೆ: "ಆಕಿ ಗೇರ್ ಇಳಿಸ್ಲಿಲ್ಲಪ್ಪ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಯಾಕ ಇಳಿಸ್ಲಿಲ್ಲ ಅಂತ ಮಾವನ್ನ ಕೇಳ್ರಿ," ಎಂದಳು.

"ಇಡೀ ಜನ್ಮ ಗಾಡಿ ಹೊಡದ ಮನಷಾನ ಮ್ಯಾಲೆ ಹಾಕ್ತಿಯೇನು?" ಎಂದು ಮಗ ರೇಗಿದ. ನಾನು ಚಹಾದ ಬಟ್ಟಲಿಗೆ ಕೈ ಹಾಕಿದೆ. ಅವಳು ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು. ಮರುದಿನದಿಂದ ಬಸ್ಸು. ಕನ್ನಡಿ ಹೊಸದು ಬಂತು, ಕೀಲಿ ಮೊಳೆಯಲ್ಲೇ ಉಳಿಯಿತು. ದಿನಾ ಸಂಜೆ ಅವಳು ಬಸ್ಸಿನಿಂದ ಬೆವರಿ ಬಂದು ನನಗೆ ನೀರು ಕೊಡುತ್ತಿದ್ದಳು, ನಾನು ಕುಡಿಯುತ್ತಿದ್ದೆ. ಕೊನೆಗೆ ಮಗ ಕಾರು ಮಾರಲು ನಿಂತ.

ಶನಿವಾರ ಬೆಳಿಗ್ಗೆ ಸಂಡೂರಿನಿಂದ ಒಬ್ಬ ನೋಡಲು ಬಂದ. ಬಾನೆಟ್ ಎತ್ತಿದ, ಟೈರಿಗೆ ಒದ್ದ. "ಹೈವೇ ಮ್ಯಾಲೆ ಪಿಕಪ್ ಹೆಂಗ್ರಿ? ಪೆಟ್ರೋಲ್ ಗಾಡಿ ಓವರ್‌ಟೇಕಿಗೆ ಕೈ ಕೊಡ್ತಾವ ಅಂತಾರ."

"ಅಪ್ಪ ಡ್ರೈವರ್ ಇದ್ದವ್ರು. ಅವ್ರನ್ನೇ ಕೇಳ್ರಿ," ಎಂದ ಮಗ.

ಸೊಸೆ ಬಸ್ಸಿಗೆ ಹೊರಟವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಒಂದು 'ಹೌದು' ಅಂದಿದ್ದರೆ ನನ್ನ ಸುಳ್ಳು ಕಾರಿನ ಜೊತೆ ಸಂಡೂರಿಗೆ ಹೋಗಿಬಿಡುತ್ತಿತ್ತು.

"ಗೇರ್ ಇಳಿಸಿದ್ರ ಬಾಣ ಹೋದಂಗ ಹೊಕ್ಕೈತಿ. ಆವತ್ತು ಆಕಿ ಇಳಿಸಾಕ ಹೋಗಿದ್ಲು. ಕೈ ಹಿಡಿದಾಂವ ನಾನು."

"ಏನಂದಿ?" ಮಗನ ದನಿ ಇಳಿದಿತ್ತು.

"ಡೀಸೆಲ್ಲೇ ಹೆಚ್ಚಂತ ತೋರ್ಸಾಕ ಹಿಡಿದೆ. ಬಿಡು ಅಂದ್ರೂ ಬಿಡ್ಲಿಲ್ಲ."

ಬಂದವನು ನಗಲು ನೋಡಿದ: "ಹಂಗಾರ ಗಾಡಿ ಚಲೋ ಐತಿ. ಯಜಮಾನ್ರನ್ನ ಸರ್ವಿಸಿಗೆ ಬಿಡ್ರಿ." ಯಾರೂ ನಗಲಿಲ್ಲ.

ಸೊಸೆ ಗಂಡನ ಮುಂದೆ ಕೈ ಚಾಚಿದಳು. "ಕೀಲಿ ಕೊಡ್ರಿ. ಶಾಲಿಗೆ ಹೊತ್ತಾತು." ಅವನು ತಲೆ ತಗ್ಗಿಸಿ ಕೊಟ್ಟ.

"ನಾನೂ ಬರ್ಲೇನವ್ವ?" ಎಂದೆ. ಯಾಕೆ ಕೇಳಿದೆನೋ ನನಗೇ ತಿಳಿಯದು. ಅವಳು ಹಿಂದಿನ ಬಾಗಿಲು ತೆಗೆದಳು.

"ಹಿಂದ ಕುಂದ್ರಿ ಮಾವಾ."

ಬುಕ್ಕಸಾಗರದ ಆಚೆ ಮತ್ತೆ ಕಬ್ಬಿನ ಟ್ರ್ಯಾಕ್ಟರ್. ಅವಳ ಹೆಗಲು ಬಿಗಿಯಾದದ್ದು ಹಿಂದಿನಿಂದ ಕಂಡಿತು. ಎರಡು ಬಾರಿ ಇಣುಕಿ ಹಿಂದೆ ಸರಿದಳು. ಮೂರನೆಯ ಸಲ ಎಡಗೈ ಗೇರಿಗೆ ಹೋಯಿತು, ಒಂದು ಇಳಿಸಿತು. ಎಂಜಿನ್ ಕೂಗಿತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ಒಂದು ಟ್ರಾಲಿ ಹೋಯಿತು, ಇನ್ನೊಂದು ಹೋಯಿತು, ಮುಂದೆ ರಸ್ತೆ ತೆರೆಯಿತು.

ದಾಟಿದ ಮೇಲೆ ಅವಳು "ಹೆಂಗೈತ್ರಿ ಮಾವಾ" ಎಂದು ಕೇಳಲಿಲ್ಲ.